ಗೃಹಚಿಂತನ: ಗರ್ಭಿಣಿಯರ ತಿಂಗಳ ಪರೀಕ್ಷೆ

ಮನೆಯಲ್ಲಿ ಸೊಸೆಯು ಗರ್ಭಿಣಿಯಾದಳೆಂಬ ವರ್ತಮಾನವು ತಿಳಿದೊಡನೆ ನಮ್ಮವರು ಏನೇನು ಮಾಡುವರೆಂಬುದನ್ನು ವಾಚಕರು ಬಲ್ಲರು. ದೇವರಿಗೆ ತುಪ್ಪದ ದೀಪವನ್ನು ಹಚ್ಚುವರು. ಬೀಗರ ಮನೆಗೆ ಹೇಳಿಕಳುಹುವರು. ಸೀಮಂತವು ಎಷ್ಟನೆಯ ತಿಂಗಳಿಗೆ, ಹಸುರು ಸೀರೆಯನ್ನು ಯಾರು ತರತಕ್ಕದ್ದು, ತವರಿಗೆ ಎಂದು ಕಳುಹಿಸತಕ್ಕದ್ದು ಎಂಬ ಮಾತುಗಳು ನಡುಮನೆಯಲ್ಲಿ ಆಗಲೇ ಮೊದಲಾಗುವುವು. ಇವೆಲ್ಲವೂ ಸಂತೋಷದ ಕಾರ್ಯಗಳೇ. ನಾವು ಇವನ್ನು ಆಕ್ಷೇಪಿಸುವವರಲ್ಲ. ಆದರೆ ಒಂದು ಸಣ್ಣ ಕೆಲಸವು ಮಾತ್ರ ಬಹುಮಟ್ಟಿಗೆ ಉಳಿದುಹೋಗುತ್ತದೆ. ಆ ಹೆಣ್ಣುಮಗಳು ಕೊನೆಯ ಬಾರಿ ಹೊರಗಾದ ದಿನ ಯಾವುದೆಂಬುದನ್ನು ಯಾರೂ ಬರೆದಿಡುವುದಿಲ್ಲ. ಹಾಲಿನವನ ಲೆಕ್ಕವು ಗೋಡೆಯ ಕ್ಯಾಲೆಂಡರಿನಲ್ಲಿದೆ; ಗ್ಯಾಸ್ ಸಿಲಿಂಡರು ಬಂದ ದಿನವೂ ಅದರಲ್ಲಿದೆ; ಈ ದಿನವೊಂದು ಇಲ್ಲ. ಆಸ್ಪತ್ರೆಯಲ್ಲಿ ವೈದ್ಯರು ಕೇಳುವ ಮೊದಲನೆಯ ಪ್ರಶ್ನೆಯಾದರೋ ಅದೇ.

ಆ ದಿನದಿಂದ 280 ದಿನಗಳನ್ನೆಣಿಸಿದರೆ ಹೆರಿಗೆಯ ದಿನವು ಅಂದಾಜಿಗೆ ಸಿಕ್ಕುತ್ತದೆ. ಒಂಬತ್ತು ತಿಂಗಳನ್ನು ಕೂಡಿ ಮೇಲೆ ಏಳು ದಿನಗಳನ್ನು ಸೇರಿಸುವುದು ವೈದ್ಯರ ರೂಢಿ. ಜನವರಿ 10 ಎಂದು ಹೇಳಿದರೆ ಅಕ್ಟೋಬರ್ 17 ಎಂದು ಬರೆದುಕೊಳ್ಳುವರು. ನಾವು ಮಾತಿನಲ್ಲಿ ‘ನವಮಾಸ’ ಎನ್ನುತ್ತೇವೆ. ಋಗ್ವೇದವು ಗರ್ಭವನ್ನು ‘ದಶಮಾಸ್ಯ’, ಎಂದರೆ ಹತ್ತು ತಿಂಗಳಿನದು ಎಂದು ಕರೆದಿದೆ. ಇಪ್ಪತ್ತೆಂಟು ದಿನದ ತಿಂಗಳನ್ನು ಹಿಡಿದರೆ ಹತ್ತು ತಿಂಗಳಿಗೆ 280 ದಿನ ಸರಿಯಾಗಿ ಬರುವುದು. ಲೆಕ್ಕವು ಹೇಗಾದರೂ ಇರಲಿ, ಮೊದಲ ದಿನವು ತಿಳಿಯದಿದ್ದರೆ ಮುಂದಿನದೆಲ್ಲವೂ ಊಹೆಯಾಗುತ್ತದೆ. ಮಗುವು ದಿನಕ್ಕೆ ತಕ್ಕಷ್ಟು ಬೆಳೆದಿದೆಯೇ, ನೋವು ಕಾಣಿಸಿಕೊಂಡದ್ದು ದಿನ ತುಂಬಿಯೋ ತುಂಬದೆಯೋ, ಯಾವ ಪರೀಕ್ಷೆಯನ್ನು ಯಾವಾಗ ಮಾಡಿಸತಕ್ಕದ್ದು ಎಂಬ ಪ್ರಶ್ನೆಗಳಿಗೆಲ್ಲ ಉತ್ತರವು ಆ ಒಂದು ದಿನಾಂಕವನ್ನು ಅವಲಂಬಿಸಿದೆ.

ಅರುವತ್ತು ವರ್ಷದ ಮೇಷ್ಟರಿಗೆ ಬಸುರಿಯರ ವಿಷಯವೇಕೆಂದು ಕೆಲವರು ನಕ್ಕಾರು. ನಗಲಿ. ನಮ್ಮ ಮನೆಗಳಲ್ಲಿ ಆಟೋರಿಕ್ಷಾಕ್ಕೆ ಹಣವನ್ನು ಕೊಡುವವರು, ‘ಈ ದಿನ ಬೇಡ, ಮುಂದಿನ ವಾರ ನೋಡೋಣ’ ಎಂದು ಹೇಳುವವರು, ಬಹಳ ಕಡೆ ನಮ್ಮಂಥ ಗಂಡಸರೇ ಆಗಿದ್ದೇವೆ. ಅಪ್ಪಣೆ ಕೊಡುವ ಅಧಿಕಾರವು ಯಾರಲ್ಲಿದೆಯೋ ಅವರು ವಿಷಯವನ್ನು ತಿಳಿದಿರಬೇಕಾದುದು ನ್ಯಾಯ. ಆದುದರಿಂದ ಈ ತಿಂಗಳು ಗರ್ಭಿಣಿಯರ ಪರೀಕ್ಷೆಯನ್ನು ಕುರಿತು, ನಮ್ಮ ಮನೆಯ ಹೆಣ್ಣುಮಗಳೊಬ್ಬಳು ಅನುಭವಿಸಿದುದನ್ನು ಮುಂದಿಟ್ಟುಕೊಂಡು, ನಾಲ್ಕು ಮಾತುಗಳನ್ನು ಬರೆಯುತ್ತೇವೆ.

ಮೊದಲಿಗೆ, ಹಿರಿಯ ಹೆಂಗಸರ ಒಂದು ಆಕ್ಷೇಪಣೆಗೆ ಸಮಾಧಾನವನ್ನು ಹೇಳಬೇಕಾಗಿದೆ. ‘ನಾವೇನು ತಿಂಗಳು ತಿಂಗಳೂ ಆಸ್ಪತ್ರೆಗೆ ಅಲೆದೆವೆ? ಏಳೆಂಟು ಹೆತ್ತು ಗಟ್ಟಿಮುಟ್ಟಾಗಿಲ್ಲವೆ?’ ಎಂದು ಅವರು ಕೇಳುವರು. ಹೆತ್ತು ಬದುಕಿದವರ ಮಾತು ಇದು. ಹೆರುವಾಗ ಹೋದವರು ಬಂದು ಸಾಕ್ಷಿ ನುಡಿಯುವುದಿಲ್ಲವಷ್ಟೆ. ಹಳೆಯ ಮನೆಗಳ ವಂಶವೃಕ್ಷವನ್ನು ತೆಗೆದು ನೋಡಿದರೆ ‘ಎರಡನೆಯ ಹೆಂಡತಿ’ ಎಂಬ ಮಾತು ಎಷ್ಟು ಕಡೆ ಬರುತ್ತದೆಂಬುದನ್ನೂ, ಮೊದಲನೆಯವಳು ಯಾವ ವಯಸ್ಸಿನಲ್ಲಿ, ಏತರಿಂದ ತೀರಿಕೊಂಡಳೆಂಬುದನ್ನೂ ವಿಚಾರಿಸಬೇಕು. ಸರ್ಕಾರದ ಗಣತಿಯ ಪ್ರಕಾರ 2001-03ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 228 ತಾಯಂದಿರು ಸಾಯುತ್ತಿದ್ದರು. 2018-20ರಲ್ಲಿ ಆ ಸಂಖ್ಯೆಯು 69ಕ್ಕೆ ಇಳಿದಿತ್ತು. ಆಸ್ಪತ್ರೆಯ ಹೆರಿಗೆ, ಬೇಕಾದಾಗ ದೊರೆಯುವ ರಕ್ತ, 108ರ ವಾಹನ, ಮನೆಮನೆಗೆ ಬರುವ ಆಶಾ ಕಾರ್ಯಕರ್ತೆ, ಹೀಗೆ ಇದಕ್ಕೆ ಕಾರಣಗಳು ಹಲವುಂಟು. ಅವುಗಳಲ್ಲಿ ಹೆರಿಗೆಗೆ ಮುಂಚಿನ ಪರೀಕ್ಷೆಯೂ ಒಂದು. ಉಳಿದ 69 ಮಂದಿಯೂ ಯಾರದೋ ಮನೆಯ ಮಕ್ಕಳೇ ಎಂಬುದನ್ನು ಮರೆಯಲಾಗದು.

ಗರ್ಭಿಣಿಯನ್ನು ಜೋಪಾನವಾಗಿ ನೋಡಿಕೊಳ್ಳಬೇಕೆಂಬುದು ನಮಗೆ ಹೊಸ ಮಾತಲ್ಲ. ಎಣ್ಣೆಯು ಅಂಚಿನವರೆಗೆ ತುಂಬಿದ ಪಾತ್ರೆಯನ್ನು ಅಲುಗದಂತೆ ಒಯ್ಯುವ ಹಾಗೆ ಆಕೆಯನ್ನು ನಡೆಸಿಕೊಳ್ಳಬೇಕೆಂದು ಚರಕಸಂಹಿತೆಯು ಹೇಳುತ್ತದೆ. ಸುಶ್ರುತಸಂಹಿತೆಯು ನಾಲ್ಕನೆಯ ತಿಂಗಳಿನ ಗರ್ಭಿಣಿಯನ್ನು ‘ದೌಹೃದಿನೀ’ ಎನ್ನುತ್ತದೆ. ಎರಡು ಹೃದಯಗಳುಳ್ಳವಳೆಂದು ಅರ್ಥ. ಆಕೆಯ ಬಯಕೆಯನ್ನು ತೀರಿಸಬೇಕೆಂಬ ನಮ್ಮ ಪದ್ಧತಿಗೂ ಆ ಮಾತಿಗೂ ಸಂಬಂಧವುಂಟು. ಉಪಚಾರವನ್ನು ಹಿಂದಿನವರು ಬಲ್ಲರು. ಆದರೆ ನೋವಿಲ್ಲದೆ, ಜ್ವರವಿಲ್ಲದೆ, ಹೊರಗೆ ಯಾವ ಗುರುತೂ ಇಲ್ಲದೆ ಒಳಗೇ ಬೆಳೆಯುವ ಅಪಾಯವನ್ನು ಅಳೆಯುವ ಸಾಧನವು ಯಾವ ದೇಶದವರಲ್ಲಿಯೂ ಇರಲಿಲ್ಲ. ತೋಳಿಗೆ ಪಟ್ಟಿಯನ್ನು ಸುತ್ತಿ ರಕ್ತದ ಒತ್ತಡವನ್ನು ನೋಡುವ ಉಪಕರಣವನ್ನು ಇಟಲಿಯ ರಿವಾ-ರೋಚಿ ಎಂಬಾತನು ತಿಳಿಯಪಡಿಸಿದುದು 1896ರಲ್ಲಿ. ಕಿವಿಗೊಟ್ಟು ಕೇಳಿ ಅದರ ಮೇಲಣ ಕೆಳಗಣ ಅಂಕಿಗಳೆರಡನ್ನೂ ಗುರುತಿಸುವ ಕ್ರಮವನ್ನು ರಷ್ಯಾ ದೇಶದ ಕೊರಟ್ಕಾಫ್ ಎಂಬಾತನು ಹೇಳಿಕೊಟ್ಟುದು 1905ರಲ್ಲಿ. ಹೆರಿಗೆಯಾಗುವುದಕ್ಕೆ ಮುಂಚೆಯೇ ತಾಯಿಯನ್ನು ನೋಡಿಕೊಳ್ಳಬೇಕು, ಅದಕ್ಕಾಗಿ ಆಸ್ಪತ್ರೆಯಲ್ಲಿ ಸ್ಥಳವಿರಬೇಕು ಎಂದು ಎಡಿನ್‌ಬರೋ ನಗರದ ಬ್ಯಾಲಂಟೈನ್ ಎಂಬ ವೈದ್ಯನು ವಾದಿಸಿದುದು 1901ರಲ್ಲಿ. ಹೀಗೆ ಈ ಪರೀಕ್ಷೆಗಳಿಗೆ ಇನ್ನೂ ನೂರಿಪ್ಪತ್ತೈದು ವರ್ಷಗಳಷ್ಟೇ ಪ್ರಾಯ. ನಮ್ಮ ಅಜ್ಜಿಯರಿಗೆ ಇವು ತಿಳಿಯದಿದ್ದುದರಲ್ಲಿ ಆಶ್ಚರ್ಯವಿಲ್ಲ. ತಿಳಿದ ಮೇಲೂ ನಾವು ಬಿಟ್ಟರೆ ಅದು ಆಶ್ಚರ್ಯ.

ಇನ್ನು ನಮ್ಮ ತಮ್ಮನ ಮಗಳ ವಿಚಾರ. ಆಕೆಯು ಬಿ.ಎ. ಓದಿದವಳು. ತಾಲ್ಲೂಕು ಪಟ್ಟಣಕ್ಕೆ ಆರೇಳು ಮೈಲಿ ದೂರದ ಹಳ್ಳಿಯಲ್ಲಿ ಗಂಡನ ಮನೆ. ಅತ್ತೆಮಾವಂದಿರು ಸ್ಥಿತಿವಂತರು, ಮರ್ಯಾದಸ್ಥರು. ಗಂಡನಿಗೆ ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಕೆಲಸ. ಶನಿವಾರ ರಾತ್ರಿ ಬಂದು ಸೋಮವಾರ ಮುಂಜಾನೆ ಹೊರಟುಹೋಗುವನು. ಆಕೆಯು ನಮ್ಮ ಮನೆಯವರ ಸಂಗಡ ಹೇಳಿಕೊಂಡುದನ್ನು ಆಕೆಯ ಒಪ್ಪಿಗೆಯನ್ನು ಪಡೆದೇ ಇಲ್ಲಿ ಬರೆದಿದ್ದೇವೆ.

ಮೂರನೆಯ ತಿಂಗಳಿನಲ್ಲಿ ಊರಿನ ಆಶಾ ಕಾರ್ಯಕರ್ತೆಯು ಮನೆಗೆ ಬಂದು, ಹನ್ನೆರಡು ವಾರ ಕಳೆಯುವುದರೊಳಗೆ ಹೆಸರನ್ನು ಬರೆಸಬೇಕೆಂದು ಹೇಳಿ, ತಾಯಿ ಕಾರ್ಡನ್ನು ಮಾಡಿಸಿಕೊಟ್ಟಳು. ಅತ್ತೆಯವರೇ ಸೊಸೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಎತ್ತರ, ತೂಕ, ರಕ್ತದೊತ್ತಡಗಳನ್ನು ನೋಡಿದುದಾಯಿತು. ಮೂತ್ರವನ್ನು ಪರೀಕ್ಷೆಗೆ ತೆಗೆದುಕೊಂಡರು. ರಕ್ತದ ಗುಂಪು, ರಕ್ತದಲ್ಲಿರುವ ಕಬ್ಬಿಣದ ಅಂಶ, ಸಕ್ಕರೆ, ಎಚ್‌ಐವಿ, ಸಿಫಿಲಿಸ್, ಕಾಮಾಲೆಯ ಒಂದು ಬಗೆ, ಇವುಗಳಿಗಾಗಿ ರಕ್ತವನ್ನು ತೆಗೆದರು. ರಕ್ತದ ಗುಂಪು ‘ನೆಗೆಟಿವ್’ ಎಂದಾದರೆ ಗಂಡನ ಗುಂಪನ್ನೂ ನೋಡಿ, ಮುಂದೆ ಹುಟ್ಟುವ ಮಕ್ಕಳಿಗೆ ಕೇಡಾಗದಂತೆ ಬೇರೊಂದು ಚುಚ್ಚುಮದ್ದನ್ನು ಕೊಡಬೇಕಾಗುವುದು. ಆದುದರಿಂದಲೇ ಅದನ್ನು ಮೊದಲೇ ತಿಳಿಯುವುದು. ಬಳಿಕ ವೈದ್ಯರ ಕೋಣೆ. ಅಲ್ಲಿ ಕೇಳಿದ ಪ್ರತಿಯೊಂದು ಪ್ರಶ್ನೆಗೂ ಅತ್ತೆಯವರೇ ಉತ್ತರವನ್ನು ಕೊಡುತ್ತ ಬಂದರು. ‘ಊಟ ಸರಿಯಾಗಿ ಮಾಡ್ತಾಳೆಯೆ?’ ಎಂದರೆ, ‘ಅಯ್ಯೋ, ನಮ್ಮ ಮನೇಲಿ ಊಟಕ್ಕೇನು ಕಡಿಮೆ ಡಾಕ್ಟ್ರೇ!’ ಎಂದರು. ವೈದ್ಯರು ವಯಸ್ಸಿನಲ್ಲಿ ಚಿಕ್ಕವರಾದರೂ ವಿವೇಕಿಗಳು. ‘ಅಮ್ಮಾ, ನೀವು ಆಗಲಿಂದ ನಿಂತೇ ಇದ್ದೀರಿ, ಹೊರಗೆ ಸ್ವಲ್ಪ ಕೂತುಕೊಂಡಿರಿ, ಹೊಟ್ಟೆ ನೋಡಿ ಕಳಿಸ್ತೀನಿ’ ಎಂದು ಅವರನ್ನು ಗೌರವದಿಂದಲೇ ಹೊರಗೆ ಕಳುಹಿಸಿ, ಬಾಗಿಲನ್ನು ಮುಂದಕ್ಕೆ ಮಾಡಿ, ‘ಈಗ ನೀನು ಹೇಳಮ್ಮಾ’ ಎಂದರಂತೆ.

ಆಗ ಹೊರಟ ಮಾತುಗಳು ಬೇರೆ. ಮೂರು ವಾರಗಳಿಂದ ಬೆಳಗಿನ ಹೊತ್ತು ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ಎಲ್ಲರೂ ಉಂಡು ಎದ್ದ ಮೇಲೆ ಉಣ್ಣುವುದು ಆ ಮನೆಯ ಸೊಸೆಯರ ರೂಢಿಯಾದ್ದರಿಂದ, ಆಕೆಯು ಅನ್ನವನ್ನು ಹಾಗೆಯೇ ಬಿಟ್ಟು ಏಳುವುದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮಹಡಿಯ ಮೆಟ್ಟಿಲನ್ನು ಹತ್ತಿದರೆ ಏದುಸಿರು. ಮದುವೆಯಾದ ಮರುವರ್ಷವೇ ಎರಡು ತಿಂಗಳಿನದೊಂದು ನಿಲ್ಲದೆ ಹೋಗಿತ್ತು. ಅದನ್ನು ಗಂಡನೊಬ್ಬನಿಗೆ ಹೊರತು ಯಾರಿಗೂ ಹೇಳಿರಲಿಲ್ಲ. ಇವಿಷ್ಟೂ ವೈದ್ಯರು ತಿಳಿಯಲೇಬೇಕಾಗಿದ್ದ ವಿಷಯಗಳು. ಅತ್ತೆಯವರು ಒಳಗೆ ನಿಂತಿದ್ದರೆ ಒಂದೂ ಹೊರಬೀಳುತ್ತಿರಲಿಲ್ಲ. ಆ ತಾಯಿಯು ಕೆಟ್ಟವರೆಂದು ನಾವು ಹೇಳುವುದಿಲ್ಲ. ಅವರು ತಮಗೆ ತಿಳಿದಷ್ಟನ್ನೇ ಹೇಳಿದರು. ಆದರೆ ಇನ್ನೊಬ್ಬರ ದೇಹದ ವಿಚಾರವನ್ನು ಎಷ್ಟು ಪ್ರೀತಿಯಿದ್ದವರೂ ಪೂರ್ತಿಯಾಗಿ ಬಲ್ಲವರಲ್ಲ.

ರಕ್ತದಲ್ಲಿ ಹಿಮೋಗ್ಲೋಬಿನ್ 8.6 ಗ್ರಾಂ ಎಂದು ಬಂದಿತು. ಗರ್ಭಿಣಿಯರಿಗೆ 11 ಇರಬೇಕು. 7ಕ್ಕಿಂತ ಇಳಿದರೆ ಪ್ರಾಣಕ್ಕೇ ಅಪಾಯ, ಏಕೆಂದರೆ ಹೆರಿಗೆಯಲ್ಲಿ ಎಲ್ಲರಿಗೂ ಆಗುವಷ್ಟು ರಕ್ತಸ್ರಾವವನ್ನು ಕೂಡ ಅಂಥವಳು ತಾಳಲಾರಳು. ಇದೇನೂ ಅಪರೂಪದ ವಿಷಯವಲ್ಲ. 2019-21ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಗರ್ಭಿಣಿಯರ ಪೈಕಿ ನೂರಕ್ಕೆ 52 ಮಂದಿಗೆ ರಕ್ತಹೀನತೆಯು ಕಂಡುಬಂದಿತು. ಉಂಡುಟ್ಟು ಸುಖವಾಗಿರುವ ಮನೆಗಳಲ್ಲಿಯೂ ಇದು ಉಂಟು.

ಈ ವಿಷಯದಲ್ಲಿ ನಮ್ಮ ದೇಶದ ಹೆಂಗಸರಿಗೆ ಲೋಕವೇ ಋಣಿಯಾಗಿರುವ ಒಂದು ಸಂಗತಿಯುಂಟು. 1928ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆಯು ಮುಂಬಯಿಗೆ ಬಂದು, ಬಟ್ಟೆಯ ಗಿರಣಿಗಳಲ್ಲಿ ಕೂಲಿ ಮಾಡುತ್ತಿದ್ದ ಬಡ ಗರ್ಭಿಣಿಯರು ರಕ್ತವು ಬತ್ತಿ ಬಿಳಿಚಿಕೊಂಡು ಸಾಯುವುದೇಕೆಂದು ಶೋಧಿಸಿದಳು. ರೋಗಾಣುವಿಗಾಗಿ ಹುಡುಕಿದಳು, ಸಿಕ್ಕಲಿಲ್ಲ. ಅವರು ಉಣ್ಣುವ ಊಟವನ್ನು ನೋಡಿದಳು; ಕೊರತೆಯು ಅಲ್ಲಿತ್ತು. ಹುದುಗಿನಿಂದ ಮಾಡಿದ ಮಾರ್ಮೈಟ್ ಎಂಬ ಅಗ್ಗದ ತಿನಿಸನ್ನು ಕೊಟ್ಟಾಗ ಅವರ ರಕ್ತವು ಮತ್ತೆ ಏರಿತು. ಇದನ್ನು ಆಕೆಯು 1931ರಲ್ಲಿ ಪ್ರಕಟಿಸಿದಳು. ಅದರಲ್ಲಿದ್ದ ಸಾರವನ್ನು ಕೆಲವು ಕಾಲ ಆಕೆಯ ಹೆಸರಿನಿಂದಲೇ ಕರೆಯುತ್ತಿದ್ದರು. 1941ರಲ್ಲಿ ಅಮೆರಿಕದವರು ಪಾಲಕ್ ಸೊಪ್ಪಿನಿಂದ ಅದನ್ನು ಬೇರ್ಪಡಿಸಿ, ಎಲೆ ಎಂಬ ಅರ್ಥದ ಲ್ಯಾಟಿನ್ ಶಬ್ದದಿಂದ ‘ಫೋಲಿಕ್ ಆಮ್ಲ’ ಎಂಬ ಹೆಸರನ್ನಿಟ್ಟರು. ಈ ದಿನ ಸರ್ಕಾರವು ಗರ್ಭಿಣಿಯರಿಗೆ ಪುಕ್ಕಟೆಯಾಗಿ ಕೊಡುವ ಮಾತ್ರೆಯಲ್ಲಿ ಕಬ್ಬಿಣದ ಜೊತೆಗೆ ಇರುವುದು ಇದೇ. ಮುಂಬಯಿಯ ಆ ಕೂಲಿ ಹೆಂಗಸರ ಹೆಸರುಗಳು ನಮಗೆ ತಿಳಿಯವು. ಅವರಿಂದ ತಿಳಿದ ವಿದ್ಯೆಯು ಮಾತ್ರ ಹಳ್ಳಿಹಳ್ಳಿಗೂ ಮುಟ್ಟಿದೆ.

ಮುಟ್ಟಿದ ಮಾತ್ರೆಯು ಹೊಟ್ಟೆಗೆ ಹೋಗುವುದೇ ಎಂಬುದು ಬೇರೆ ಮಾತು. ನಮ್ಮ ಹುಡುಗಿಯು ನಾಲ್ಕು ದಿನ ಬೆಳಗಿನ ಕಾಫಿಯೊಡನೆ ನುಂಗಿದಳು. ಹೊಟ್ಟೆ ತೊಳಸಿತು, ಮಲವು ಕಪ್ಪಾಯಿತು. ಹೆದರಿ ಮಾತ್ರೆಗಳನ್ನು ಸಾಸಿವೆ ಡಬ್ಬಿಯ ಹಿಂದೆ ಬಚ್ಚಿಟ್ಟಳು. ಮುಂದಿನ ಪರೀಕ್ಷೆಯಲ್ಲಿ ಮಾತ್ರೆ ಉಳಿದುದನ್ನು ಕಂಡು ದಾದಿಯೊಬ್ಬರು ಕೂರಿಸಿಕೊಂಡು ತಿಳಿಯ ಹೇಳಿದರು. ಮಲವು ಕಪ್ಪಾಗುವುದು ಕಬ್ಬಿಣದಿಂದಲೇ, ಭಯವಿಲ್ಲ. ಕಾಫಿ, ಚಹಾಗಳೊಡನೆ ತೆಗೆದುಕೊಂಡರೆ ಕಬ್ಬಿಣವು ಮೈಗೆ ಹತ್ತದು. ನಿಂಬೆಹಣ್ಣಿನ ಪಾನಕದೊಡನೆ ತೆಗೆದುಕೊಂಡರೆ ಚೆನ್ನಾಗಿ ಹತ್ತುವುದು. ಸುಣ್ಣದಂಶದ, ಎಂದರೆ ಕ್ಯಾಲ್ಸಿಯಂ ಮಾತ್ರೆಯನ್ನು ಅದೇ ಹೊತ್ತಿಗೆ ನುಂಗಬಾರದು. ಎರಡಕ್ಕೂ ನಡುವೆ ಎರಡು ಗಂಟೆಯಾದರೂ ಬಿಡಬೇಕು. ರಾತ್ರಿ ಊಟವಾದ ಮೇಲೆ ತೆಗೆದುಕೊಂಡರೆ ವಾಕರಿಕೆಯು ಕಡಿಮೆ. ಎರಡು ನಿಮಿಷದ ಈ ಉಪದೇಶವನ್ನು ಮಾತ್ರೆ ಕೊಟ್ಟ ದಿನವೇ ಯಾರಾದರೂ ಮಾಡಿದ್ದರೆ ಒಂದು ತಿಂಗಳು ವ್ಯರ್ಥವಾಗುತ್ತಿರಲಿಲ್ಲ. ಎರಡೂವರೆ ತಿಂಗಳಿನಲ್ಲಿ ಆಕೆಯ ರಕ್ತವು 10.4ಕ್ಕೆ ಏರಿತು.

ಐದನೆಯ ತಿಂಗಳಿನಲ್ಲಿ ಸ್ಕ್ಯಾನಿಂಗ್. ಹದಿನೆಂಟರಿಂದ ಇಪ್ಪತ್ತು ವಾರಗಳೊಳಗೆ ಮಗುವಿನ ಅಂಗಾಂಗಗಳೆಲ್ಲ ಸರಿಯಾಗಿವೆಯೇ, ಮಾಸು ಎಲ್ಲಿ ಅಂಟಿಕೊಂಡಿದೆ ಎಂಬುದನ್ನು ನೋಡುವರು. ಇದು ಗಂಡೋ ಹೆಣ್ಣೋ ಎಂದು ತಿಳಿಯುವುದಕ್ಕಲ್ಲ. ಹಾಗೆ ಕೇಳುವುದೂ ಹೇಳುವುದೂ 1994ರ ಕಾಯಿದೆಯ ಪ್ರಕಾರ ಅಪರಾಧವೆಂದು ಗೋಡೆಯ ಮೇಲೆ ಬರೆದೇ ಇರುತ್ತದೆ. ಬರೆದುದನ್ನು ಓದಿದ ಮೇಲೂ ‘ಏನೋ ಸೂಚನೆ ಕೊಟ್ಟರೆ?’ ಎಂದು ಮನೆಗೆ ಬಂದ ಸೊಸೆಯನ್ನು ಕೇಳಿದ ನೆಂಟರು ಇದ್ದರಂತೆ. ಆ ಪ್ರಶ್ನೆಯನ್ನು ಕೇಳದಿರುವುದು ಗೃಹಸ್ಥಧರ್ಮ.

ಅದೇ ದಿನ ಆಕೆಯು ಮಗುವಿನ ಎದೆಯ ಬಡಿತವನ್ನು ಕೇಳಿದಳು. ಹಿಂದೆ ಕಹಳೆಯಾಕಾರದ ಒಂದು ಮರದ ಕೊಳವೆಯನ್ನು ಹೊಟ್ಟೆಗಿಟ್ಟು ದಾದಿಯೊಬ್ಬಳೇ ಕೇಳುತ್ತಿದ್ದಳು. ಈಗ ತಾಯಿಗೂ ಕೇಳಿಸುವ ಯಂತ್ರ ಬಂದಿದೆ. ನಮ್ಮ ಎದೆಯು ನಿಮಿಷಕ್ಕೆ ಎಪ್ಪತ್ತೆಂಬತ್ತು ಬಾರಿ ಬಡಿದರೆ ಗರ್ಭದಲ್ಲಿರುವ ಶಿಶುವಿನದು 110ರಿಂದ 160ರವರೆಗೆ ಬಡಿಯುತ್ತದೆ. ‘ಕುದುರೆ ಓಡಿದ ಹಾಗಿತ್ತು ದೊಡ್ಡಮ್ಮ’ ಎಂದು ಆಕೆಯು ನಮ್ಮ ಮನೆಯವರಿಗೆ ಹೇಳಿದಳು. ಶಾಸ್ತ್ರಪಾಠವನ್ನು ಹೇಳುವಾಗ ‘ದೌಹೃದಿನೀ’ ಶಬ್ದಕ್ಕೆ ನಾವು ವ್ಯುತ್ಪತ್ತಿಯನ್ನು ಎಷ್ಟೋ ಬಾರಿ ಬಿಡಿಸಿದ್ದುಂಟು. ಅದರ ಅರ್ಥವು ಆಕೆಯ ಬಾಯಿಯಿಂದ ಕೇಳಿದಷ್ಟು ಸ್ಪಷ್ಟವಾಗಿ ಯಾವ ವ್ಯಾಖ್ಯಾನದಲ್ಲಿಯೂ ನಮಗೆ ಸಿಕ್ಕಿರಲಿಲ್ಲ.

ಆದರೆ ಎಲ್ಲ ದಿನಗಳೂ ಹಾಗಿರಲಿಲ್ಲ. ಆರನೆಯ ತಿಂಗಳಿನಲ್ಲಿ ಹೋದಾಗ ಬಸುರಿಯರ ಸಾಲು ಅಂಗಳದವರೆಗೆ ಬೆಳೆದಿತ್ತು. ಬೆಂಚುಗಳು ಎರಡೇ, ಬೆಳಗಿನ ಎಂಟರಿಂದ ಹನ್ನೊಂದೂವರೆಯವರೆಗೆ ನಿಂತಿದ್ದಳು. ಪರೀಕ್ಷೆಯ ಮಂಚಕ್ಕೆ ಅಡ್ಡಲಾಗಿದ್ದ ಪರದೆಯು ಹರಿದಿತ್ತು. ಬಾಗಿಲಲ್ಲಿ ಗಂಡಸರು ಹಾದುಹೋಗುತ್ತಿದ್ದರು. ಆಕೆಯು ಸೀರೆಯನ್ನು ಸಡಿಲಿಸುವುದಕ್ಕೆ ಅನುಮಾನಿಸಿದಾಗ, ‘ಇಲ್ಲಿ ನಾಚಿಕೆ ಪಡೋಳು ಬಸುರಿ ಯಾಕಾದೆ?’ ಎಂಬ ಮಾತು ಕೇಳಬೇಕಾಯಿತು. ಕೆಲಸದ ಹೊರೆಯಿಂದ ಬೇಸತ್ತವರ ಬಾಯಿಂದ ಬಂದ ಮಾತು, ನಿಜ. ಆದರೆ ಅದು ತಗುಲಿದ ಎದೆಯು ಮೆತ್ತಗಿನದು. ಆಕೆಯು ಮನೆಗೆ ಬಂದು ಯಾರಿಗೂ ಏನೂ ಹೇಳಲಿಲ್ಲ. ಮುಂದಿನ ಪರೀಕ್ಷೆಗೆ ಹೋಗಲಿಲ್ಲ. ‘ಚೆನ್ನಾಗಿಯೇ ಇದ್ದೇನಲ್ಲ ಅತ್ತೆ’ ಎಂದಳು. ಅತ್ತೆಯವರಿಗೂ ಅದು ಸರಿಯೆಂದೇ ತೋರಿತು. ಒಂದು ಒರಟು ಮಾತಿನ ಬೆಲೆಯೇನೆಂಬುದನ್ನು ವಾಚಕರು ಇಲ್ಲಿಂದ ಮುಂದೆ ನೋಡಬೇಕು.

ಮೂವತ್ತಮೂರನೆಯ ವಾರದಲ್ಲಿ ಕಾಲುಗಳು ಊದಿಕೊಂಡವು. ‘ಬಸುರಿಗೆ ಕಾಲು ಊದದೆ ಇನ್ನೇನು?’ ಎಂದರು. ಅದು ಬಹುಮಟ್ಟಿಗೆ ದಿಟವೇ. ಆದರೆ ಕೈಯ ಉಂಗುರವೂ ಬಿಗಿಯಾಯಿತು. ಬೆಳಗ್ಗೆ ಎದ್ದಾಗ ಮುಖವು ತುಂಬಿದ ಹಾಗಿರುತ್ತಿತ್ತು. ‘ಮುಖಕ್ಕೆ ಕಳೆ ಬಂದಿದೆ’ ಎಂದು ನೆರೆಮನೆಯವರು ಹೊಗಳಿದರು. ಒಂದೆರಡು ದಿನ ತಲೆನೋವು ಬಂದು ಹೋಯಿತು. ಸೀಮಂತಕ್ಕೆ ಇನ್ನು ಹನ್ನೆರಡು ದಿನಗಳು. ಮನೆಗೆ ಸುಣ್ಣ ಬಳಿಯುತ್ತಿದ್ದರು. ಅಷ್ಟರಲ್ಲಿ ಆಶಾ ಕಾರ್ಯಕರ್ತೆಯು ಬಂದು, ‘ನಾಳೆ ಒಂಬತ್ತನೇ ತಾರೀಕು, ಡಾಕ್ಟ್ರು ಎಲ್ಲ ಬಸುರಿಯರನ್ನೂ ನೋಡ್ತಾರೆ, ಕಳಿಸಿಕೊಡಿ’ ಎಂದಳು. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ಮೇರೆಗೆ ಪ್ರತಿ ತಿಂಗಳು 9ನೆಯ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಏರ್ಪಾಡು ಉಂಟು. ಮಾವನವರು, ‘ಸೀಮಂತ ಮುಗೀಲಿ, ಆಮೇಲೆ ನಾನೇ ಕರಕೊಂಡು ಹೋಗ್ತೀನಿ’ ಎಂದರು. ಆಶಾ ಕಾರ್ಯಕರ್ತೆಯು ಹೊಸ್ತಿಲಿನಲ್ಲಿಯೇ ನಿಂತು, ‘ಹೋದ ತಿಂಗಳೂ ಬಂದಿಲ್ಲ ಯಜಮಾನ್ರೇ, ನಾನೇ ಕರಕೊಂಡು ಹೋಗಿ ಮಧ್ಯಾಹ್ನದೊಳಗೆ ಮನೆಗೆ ಮುಟ್ಟಿಸ್ತೀನಿ’ ಎಂದಳು. ಆ ಹೆಂಗಸಿನ ಹಟವೇ ನಮ್ಮ ಹುಡುಗಿಯನ್ನು ಉಳಿಸಿತು.

ರಕ್ತದೊತ್ತಡವು 150/100 ಇತ್ತು. 140/90ನ್ನು ಮುಟ್ಟಿದರೇ ಗರ್ಭಿಣಿಯರಿಗೆ ಹೆಚ್ಚು. ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಕಾಣಿಸಿತು. ಈ ಎರಡು ಲಕ್ಷಣಗಳು ಇಪ್ಪತ್ತು ವಾರಗಳ ಬಳಿಕ ಒಟ್ಟಿಗೆ ತೋರಿದರೆ ಅದನ್ನು ಗರ್ಭನಂಜು ಎನ್ನುವರು. ಹೆಸರಿಗೆ ನಂಜಾದರೂ ಯಾರೋ ತಿನ್ನಿಸಿದ ವಿಷವಲ್ಲ. ಮಾಸಿನ ರಕ್ತನಾಳಗಳು ಸರಿಯಾಗಿ ಬೆಳೆಯದಿರುವುದರಿಂದ ಮೊದಲಾಗುವ ವ್ಯಾಧಿ. ಇದನ್ನು ಹಾಗೆಯೇ ಬಿಟ್ಟರೆ ಕೆಲವರಿಗೆ ಒತ್ತಡವು ಏರಿ, ಕಣ್ಣು ಮಂಜಾಗಿ, ಮೈಯೆಲ್ಲ ಸೆಳೆದುಕೊಂಡು ಪ್ರಜ್ಞೆ ತಪ್ಪುತ್ತದೆ. ಇದಕ್ಕೆ ವೈದ್ಯರಿಟ್ಟಿರುವ ‘ಎಕ್ಲಾಂಪ್ಸಿಯಾ’ ಎಂಬ ಗ್ರೀಕ್ ಹೆಸರು ಥಟ್ಟನೆ ಹೊಳೆಯುವುದೆಂಬ ಅರ್ಥದ ಶಬ್ದದಿಂದ ಬಂದುದು. ಹಿಂದೆ ಇದನ್ನೇ ಗಾಳಿ ಸೋಂಕಿತೆಂದು ತಿಳಿದು ಬೇವಿನ ಸೊಪ್ಪನ್ನು ಹಿಡಿದು ಕೂರುತ್ತಿದ್ದರು. ಈ ವ್ಯಾಧಿಯ ಕಪಟವೆಲ್ಲ ಇರುವುದು ಅದರ ಮೌನದಲ್ಲಿ: ಮೊದಮೊದಲು ನೋವಿಲ್ಲ. ಹೊರಗೆ ಕಂಡುದನ್ನು ನೆರೆಯವರು ಕಳೆಯೆಂದರು; ತೋಳಿನ ಪಟ್ಟಿಯೊಂದೇ ಅದನ್ನು ಅಪಾಯವೆಂದು ಹೇಳಿತು.

ಆಕೆಯನ್ನು ಆಸ್ಪತ್ರೆಯಲ್ಲಿಯೇ ಉಳಿಸಿಕೊಂಡು ಒತ್ತಡವನ್ನಿಳಿಸುವ ಮಾತ್ರೆಗಳನ್ನು ಕೊಟ್ಟರು. ದಿನಕ್ಕೆ ಮುಂಚೆ ಹುಟ್ಟಿದರೂ ಮಗುವಿನ ಶ್ವಾಸಕೋಶವು ಗಟ್ಟಿಯಾಗಿರಲೆಂದು ಚುಚ್ಚುಮದ್ದನ್ನು ಕೊಟ್ಟರು. ಮೂವತ್ತಾರನೆಯ ವಾರದಲ್ಲಿ ಒತ್ತಡವು 170/110ಕ್ಕೆ ಏರಿದಾಗ, ಸೆಳವು ಬಾರದಂತೆ ಮೆಗ್ನೀಸಿಯಂ ಸಲ್ಫೇಟನ್ನು ಕೊಟ್ಟು, ಆ ರಾತ್ರಿಯೇ ಹೆರಿಗೆ ಮಾಡಿಸಿದರು. ಈ ಲವಣವು ಸೆಳವಿನ ಸಂಭವವನ್ನು ಅರ್ಧಕ್ಕೆ ಇಳಿಸುವುದೆಂದು ಹಲವು ದೇಶಗಳ ತಾಯಂದಿರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಿಂದ ಸ್ಥಿರಪಟ್ಟಿದೆ. ಹೆಣ್ಣುಮಗು, ತೂಕ ಎರಡು ಕಿಲೋಗ್ರಾಂ ಮೇಲೆ ನೂರು ಗ್ರಾಂ. ಮೂರು ವಾರ ಆಸ್ಪತ್ರೆಯ ನೆಲದ ಮೇಲೆ ಚಾಪೆ ಹಾಸಿ ಸೊಸೆಯ ಬಳಿಯಲ್ಲಿ ಮಲಗಿದವರು ಆ ಅತ್ತೆಯವರೇ. ಸೀಮಂತವು ನಡೆಯಲಿಲ್ಲ, ತೊಟ್ಟಿಲಿಗೆ ಹಾಕುವ ಶಾಸ್ತ್ರವು ವಿಜೃಂಭಣೆಯಿಂದ ನಡೆಯಿತು. ಆ ದಿನ ಮೊದಲನೆಯ ಬಾಗಿನವನ್ನು ಅತ್ತೆಯವರು ಆಶಾ ಕಾರ್ಯಕರ್ತೆಗೆ ಕೊಟ್ಟರು.

ಇದರಿಂದ ಗೃಹಸ್ಥರು ತಿಳಿಯತಕ್ಕವು ಕೆಲವಿವೆ. ಹೆಸರನ್ನು ಹನ್ನೆರಡು ವಾರಗಳೊಳಗೆ ಬರೆಸಬೇಕು. ನಮ್ಮ ಸರ್ಕಾರದ ನಿಯಮದಲ್ಲಿ ಕಡಮೆಯೆಂದರೆ ನಾಲ್ಕು ಪರೀಕ್ಷೆಗಳು. ವಿಶ್ವ ಆರೋಗ್ಯ ಸಂಸ್ಥೆಯು 2016ರಿಂದ ಎಂಟು ಬೇಕೆಂದು ಹೇಳುತ್ತಿದೆ. ಅಪಾಯವು ಕೊನೆಯ ಮೂರು ತಿಂಗಳಲ್ಲಿ ಹೆಚ್ಚಾದುದರಿಂದ ಪರೀಕ್ಷೆಯೂ ಆಗಲೇ ಹೆಚ್ಚಾಗಿ ನಡೆಯಬೇಕು. ನಮ್ಮಲ್ಲಿಯಾದರೋ ಅದೇ ಹೊತ್ತಿಗೆ ಹುಡುಗಿಯು ತವರಿಗೆ ಹೊರಡುವಳು; ಇಲ್ಲಿಯವರು ‘ಇನ್ನು ಅಲ್ಲಿ ನೋಡಿಕೊಳ್ಳುವರು’ ಎನ್ನುವರು, ಅಲ್ಲಿಯವರು ‘ಅಲ್ಲಿ ಎಲ್ಲ ಆಗಿದೆ’ ಎನ್ನುವರು; ನಡುವೆ ಎರಡು ಪರೀಕ್ಷೆಗಳು ತಪ್ಪಿಹೋಗುವುವು. ಸೀರೆ ಕುಪ್ಪಸಗಳಿಗಿಂತ ಮೊದಲು ತಾಯಿ ಕಾರ್ಡನ್ನು ಪೆಟ್ಟಿಗೆಯಲ್ಲಿಡಬೇಕು. ತವರಿಗೆ ಹೋದ ವಾರವೇ ಅಲ್ಲಿನ ಆಸ್ಪತ್ರೆಯಲ್ಲಿ ತೋರಿಸಬೇಕು.

ಸಂಗಡ ಒಬ್ಬರು ಹೋಗಬೇಕು. ಉತ್ತರವನ್ನು ಮಾತ್ರ ಆಕೆಯೇ ಹೇಳಬೇಕು. ಕೇಳಬೇಕಾದುದನ್ನು ಮುಂಚಿನ ದಿನ ಚೀಟಿಯಲ್ಲಿ ಬರೆದುಕೊಂಡರೆ ಮರೆಯುವುದಿಲ್ಲ. ಗಂಡನು ವರ್ಷದಲ್ಲಿ ಎರಡು ದಿನ ರಜೆಯನ್ನು ಇದಕ್ಕೆಂದು ಇಟ್ಟುಕೊಳ್ಳುವುದು ದೊಡ್ಡ ತ್ಯಾಗವೇನೂ ಅಲ್ಲ. ಮನೆಯಲ್ಲಿ ಆಕೆಯು ಕೊನೆಗೆ ಉಣ್ಣುವ ಪದ್ಧತಿಯನ್ನು ಬಿಡಿಸಬೇಕು. ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿಯೂಟವನ್ನು ಕೊಡುವ ಮಾತೃಪೂರ್ಣ ಯೋಜನೆಯನ್ನು ನಮ್ಮ ರಾಜ್ಯವು 2017ರಲ್ಲಿ ಆರಂಭಿಸಿತು. ಅದಕ್ಕೆ ಸೊಸೆಯನ್ನು ಕಳುಹಿಸುವುದು ಮನೆತನಕ್ಕೆ ಕುಂದೆಂದು ತಿಳಿದವರು ಇದ್ದರು. ಬಸುರಿಯ ಹೊಟ್ಟೆಯು ಖಾಲಿಯಿರುವುದಕ್ಕಿಂತ ದೊಡ್ಡ ಕುಂದು ಯಾವುದು?

ಪರೀಕ್ಷೆಯ ದಿನಕ್ಕಾಗಿ ಕಾಯದೆ ಕೂಡಲೇ ಹೊರಡಬೇಕಾದ ಸಮಯಗಳನ್ನೂ ತಿಳಿದಿರಬೇಕು. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಎದೆಗೂಡಿನ ಕೆಳಗೆ ನೋವು, ಮುಖ ಕೈಗಳ ಊತ, ಸ್ವಲ್ಪವೇ ಆದರೂ ರಕ್ತ ಕಾಣಿಸಿಕೊಳ್ಳುವುದು, ನೀರು ಹೋಗುವುದು, ಜ್ವರ, ಮಗುವಿನ ಮಿಸುಕಾಟವು ಕಡಮೆಯಾಗುವುದು. ಇವುಗಳಲ್ಲಿ ಯಾವುದು ಕಂಡರೂ ರಾಹುಕಾಲವನ್ನು ನೋಡದೆ 108ಕ್ಕೆ ಕರೆಯನ್ನು ಮಾಡಬೇಕು. ರಕ್ತದ ಗುಂಪು ಒಂದೇ ಆಗಿರುವ ಇಬ್ಬರು ನೆಂಟರ ಹೆಸರುಗಳನ್ನು ಮೊದಲೇ ಗೊತ್ತುಮಾಡಿಟ್ಟುಕೊಂಡಿರುವುದು ಜಾಣತನ.

ಆಸ್ಪತ್ರೆಗಳನ್ನು ನಡೆಸುವವರಿಗೂ ಒಂದು ಬಿನ್ನಹ. ಔಷಧಿಗೆ ದುಡ್ಡು ಬೇಕು, ಯಂತ್ರಕ್ಕೆ ದುಡ್ಡು ಬೇಕು. ಇನ್ನೆರಡು ಬೆಂಚು, ಹರಿಯದ ಒಂದು ಪರದೆ, ಕುಡಿಯುವ ನೀರಿನ ಒಂದು ಕೊಳಾಯಿ, ಇವುಗಳಿಗೆ ಅಷ್ಟು ಬೇಕಾಗದು. ಒಳ್ಳೆಯ ಮಾತಿಗೆ ಏನೂ ಬೇಡ. ಪರೀಕ್ಷೆಗೆ ಬಾರದ ಗರ್ಭಿಣಿಯರನ್ನು ಅಜ್ಞಾನಿಗಳೆಂದು ದೂರುವುದಕ್ಕೆ ಮುಂಚೆ, ಒಮ್ಮೆ ಬಂದು ಮತ್ತೆ ಬಾರದೆ ಹೋದವರು ಏಕೆ ಬರಲಿಲ್ಲವೆಂಬುದನ್ನು ವಿಚಾರಿಸಬೇಕು. ನಮ್ಮ ಹುಡುಗಿಗೆ ಗದರಿದವರೂ ಅದೇ ಆಸ್ಪತ್ರೆಯವರು, ಮಾತ್ರೆಯ ವಿಚಾರವನ್ನು ಕೂರಿಸಿಕೊಂಡು ಹೇಳಿದವರೂ ಅದೇ ಆಸ್ಪತ್ರೆಯವರು. ಸಂಬಳವು ಇಬ್ಬರಿಗೂ ಒಂದೇ ಇದ್ದೀತು.

ಈ ಸಂಚಿಕೆಯು ಹೋಗಿ ಮುಟ್ಟುವ ಮನೆಗಳಲ್ಲಿ ಬಸುರಿಯೊಬ್ಬಳು ಇದ್ದರೆ, ಯಜಮಾನರು ಈ ಸಾಯಂಕಾಲ ಆಕೆಯ ತಾಯಿ ಕಾರ್ಡನ್ನು ಕೇಳಿ ತೆಗೆದುಕೊಂಡು ಒಮ್ಮೆ ಓದಲಿ. ಮುಂದಿನ ಪರೀಕ್ಷೆಯ ತಾರೀಕು ಅದರಲ್ಲಿ ಬರೆದಿರುವುದು. ಆ ದಿನ ಆಕೆಯ ಸಂಗಡ ಯಾರು ಹೋಗತಕ್ಕದ್ದೆಂಬುದನ್ನು ರಾತ್ರಿಯ ಊಟಕ್ಕೆ ಕೂರುವ ಮೊದಲೇ ನಿಶ್ಚಯಿಸಿಕೊಂಡರೆ ಒಳ್ಳೆಯದು.